ಎಂಟು ವರ್ಷದ ಮಗಳಿಗೆ ಸೀಲಿಯಾಕ್: ಮನೆ, ಶಾಲೆ, ಜೆಂಬ್ರದಲ್ಲಿ ಊಟ ಹೇಗೆ?

ಕೇಳಿದವರು, ಕುಂಬಳೆ (ಕಾಸರಗೋಡು)

ಮಗಳಿಗೆ ಸೀಲಿಯಾಕ್ ಎಂದು ರಕ್ತಪರೀಕ್ಷೆ, ಬಯಾಪ್ಸಿ ಎರಡರಲ್ಲೂ ಖಚಿತವಾಯಿತು. ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಅವಳ ಕರುಳಿಗೆ ಹಾನಿ ಮಾಡುತ್ತದಂತೆ, ಆ ಮೂರನ್ನೂ ಜೀವಮಾನವಿಡೀ ಬಿಡಬೇಕು ಎಂದಿದ್ದಾರೆ ಡಾಕ್ಟ್ರು. ನಮ್ಮದು ಗಂಜಿ, ದೋಸೆಯ ಮನೆ. ರಾತ್ರಿ ಅತ್ತೆ ಮಾವನಿಗೆ ಮಾತ್ರ ಚಪಾತಿ. ಅದನ್ನು ಅವಳಿಗೆ ಕೊಡದಿದ್ದರೆ ಸಾಲದೇ? ಶಾಲೆ, ಜೆಂಬ್ರ (ಮದುವೆ, ಪೂಜೆಯಂಥ ಸಮಾರಂಭ), ಹೋಟೆಲು ಏನು ಮಾಡುವುದು? 2 ವರ್ಷದ ತಮ್ಮನಿಗೆ ಅಂಗನವಾಡಿಯ ಅಮೃತಂ ಪುಡಿಯೂ ಬರುತ್ತದೆ. ತಿಳಿದವರು ಹೇಳಿ.

ನೀರ್ಚಾಲಿನಿಂದ

ಸಾಲದು ಅಕ್ಕ. ಅಕ್ಕಿ ತಿನ್ನುವ ಊರಿನವರು ಎಡವುವುದು ಚಪಾತಿಯಲ್ಲಿ ಅಲ್ಲ, ಇಂಗಿನಲ್ಲಿ. ಅಂಗಡಿಯ ಇಂಗು ಬರೀ ಇಂಗಲ್ಲ. ಅದರ ಖಾರ ಘಾಟು ಇಳಿಸಲು ಗೋಂದು ಮತ್ತು ಹಿಟ್ಟು ಬೆರೆಸಿರುತ್ತಾರೆ, ಆ ಹಿಟ್ಟು ಬಹಳಷ್ಟು ಕಡೆ ಮೈದಾ ಅಥವಾ ಗೋಧಿ. ಪುಡಿ ಇಂಗಿನಲ್ಲಿ ಮಾತ್ರ ಎಂದುಕೊಳ್ಳಬೇಡಿ, ಗಟ್ಟಿ ಇಂಗಿನಲ್ಲೂ ಇರುತ್ತದೆ. ಡಬ್ಬಿ ತಿರುಗಿಸಿ ಓದಿ. ಅಕ್ಕಿಹಿಟ್ಟು ಬೆರೆಸಿ, ಗ್ಲುಟೆನ್ ಇಲ್ಲ ಎಂದು ಬರೆದ ಇಂಗೂ ಸಿಗುತ್ತದೆ. ಅದು ಸಿಗುವವರೆಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ.

ಮನೆಯ ಇಂಗಿನ ಡಬ್ಬಿ ಬದಲಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ಸಾಂಬಾರು ಪುಡಿ, ರಸಂ ಪುಡಿ, ಪ್ಯಾಕೆಟಿನ ಉಪ್ಪಿನಕಾಯಿ, ಉದ್ದಿನ ಹಪ್ಪಳ, ಮಿಕ್ಸ್ಚರ್ ಎಲ್ಲದರಲ್ಲೂ ಅದೇ ಇಂಗು. ನಮ್ಮ ಕಡೆಯ ಪ್ಯಾಕೆಟುಗಳಲ್ಲಿ ಮಲಯಾಳದಲ್ಲಿ ಕಾಯಂ ಎಂದಿದ್ದರೆ ಇಂಗು, ಗೋದಂಬ್ ಎಂದಿದ್ದರೆ ಗೋಧಿ. ಕೊತ್ತಂಬರಿ, ಮೆಣಸು, ಜೀರಿಗೆ, ಮೆಂತೆ ಇಡಿಯಾಗಿ ತಂದು ಮನೆಯಲ್ಲೇ ಹುರಿದು ಕೊದಿಲಿಗೆ (ಸಾಂಬಾರಿಗೆ) ಅರೆದರೆ ಈ ಓದುವ ಕೆಲಸವೇ ಇಲ್ಲ.

ಮಂಜೇಶ್ವರದಿಂದ (ಆಹಾರತಜ್ಞೆ)

ಚೂರು ತಾಗಿದರೆ ಏನಾಗುತ್ತದೆ ಎಂದು ಅಜ್ಜಿಯಂದಿರು ಕೇಳಿಯೇ ಕೇಳುತ್ತಾರೆ. ಅವರಿಗೆ ಹೇಳಲು ಈ ಲೆಕ್ಕ ಇಟ್ಟುಕೊಳ್ಳಿ. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಸುಮಾರು 2500ರಿಂದ 3000 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ 50 ಮಿಲಿಗ್ರಾಂನಂತೆ ಮೂರು ತಿಂಗಳು ಹೊಟ್ಟೆಗೆ ಹೋದರೂ ಕರುಳಿನ ಒಳಪದರ ಹಾಳಾಗುವುದು ಅಧ್ಯಯನದಲ್ಲಿ ಕಂಡಿದೆ. ದಿನಕ್ಕೆ 10ರ ಒಳಗಿದ್ದರೆ ಹೆಚ್ಚಿನವರು ತಡೆದುಕೊಳ್ಳುತ್ತಾರೆ. ಅಂದರೆ ಒಂದು ಚಪಾತಿಯನ್ನು ಐವತ್ತು ಅರುವತ್ತು ಚೂರು ಮಾಡಿದರೆ ಅದರಲ್ಲಿ ಒಂದು ಚೂರು ದಿನಾ ಹೋದರೂ ಹಾನಿಗೆ ಸಾಕು. ಹೊಟ್ಟೆನೋವು, ಭೇದಿ ಬರಲಿಲ್ಲ ಎಂದರೆ ಒಳಗೆ ಹಾನಿ ಆಗಲಿಲ್ಲ ಎಂದು ಅರ್ಥವಲ್ಲ. ಎಷ್ಟೋ ಮಕ್ಕಳಲ್ಲಿ ಕಾಣುವುದು ರಕ್ತಹೀನತೆ, ಬೆಳವಣಿಗೆ ಕುಂಠಿತವಾಗುವುದು, ಅಷ್ಟೆ.

ಪ್ಯಾಕೆಟಿನಲ್ಲಿ ಗ್ಲುಟೆನ್ ರಹಿತ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಅಂಥ ಹಿಟ್ಟು 100 ಗ್ರಾಂ ತಿಂದರೂ ಹೆಚ್ಚೆಂದರೆ 2 ಮಿಲಿಗ್ರಾಂ ಆಯಿತು. ಗೋಧಿ ಇಲ್ಲ ಎಂದು ಬರೆದದ್ದು ಇದಕ್ಕೆ ಸಮವಲ್ಲ, ಅದರಲ್ಲಿ ಬಾರ್ಲಿ ಇರಬಹುದು. ಹಾರ್ಲಿಕ್ಸ್, ಬೂಸ್ಟ್, ಬೋರ್ನ್‌ವಿಟಾ ಮೂರೂ ಮಾಲ್ಟಿನ ಪುಡಿಗಳು, ಮಾಲ್ಟ್ ಎಂದರೆ ಮೊಳಕೆ ಬರಿಸಿದ ಬಾರ್ಲಿ. ಮನೆಯಿಂದ ಮೊದಲು ಹೊರಗೆ ಹೋಗಬೇಕಾದ್ದು ಅವು. ರಾಗಿ ಮಾಲ್ಟ್ ಎಂಬ ಹೆಸರಿನ ಪುಡಿಯಲ್ಲೂ ಗೋಧಿ, ಬಾರ್ಲಿ ಸೇರಿದ್ದುಂಟು.

ಓಟ್ಸ್ ಸದ್ಯಕ್ಕೆ ಬೇಡ. ಸಾಮಾನ್ಯ ಓಟ್ಸ್ ಹೊಲದಲ್ಲೂ ಮಿಲ್ಲಿನಲ್ಲೂ ಗೋಧಿಯ ಜೊತೆ ಬೆರೆತಿರುತ್ತದೆ, ಶುದ್ಧ ಓಟ್ಸೂ ಕೆಲವರಿಗೆ ಆಗುವುದಿಲ್ಲ.

ಬದಿಯಡ್ಕದಿಂದ

ಮೇಲೆ ಇಂಗಿನ ಮಾತು ಬಂತು, ಮಿಲ್ಲಿನ ಮಾತು ಬರಲಿಲ್ಲ. ಅಕ್ಕಿ, ರಾಗಿ, ಜೋಳ, ನವಣೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ಆದರೆ ಊರಿನ ಮಿಲ್ಲಿನಲ್ಲಿ ನಿಮ್ಮ ಅಕ್ಕಿಗಿಂತ ಮುಂಚೆ ಇನ್ನೊಬ್ಬರ ಗೋಧಿ ಹೋಗಿರುತ್ತದೆ. ಕಲ್ಲಿನ ಸಂದಿ, ಕೊಳವೆ, ಬಟ್ಟೆಚೀಲ ಎಲ್ಲದರಲ್ಲೂ ಹಿಂದಿನ ಹಿಟ್ಟು ಉಳಿದಿರುತ್ತದೆ. ಬೆಳಿಗ್ಗೆ ಮೊದಲ ಸರದಿ ಕೇಳಿದರೂ ನಿನ್ನೆಯ ಗೋಧಿ ಒಳಗೇ ಇದೆ. ಒಂದು ಸೇರು ಅಕ್ಕಿ ಹಾಕಿ ತೆಗೆದು ಬಿಸಾಡಿ ಎನ್ನುವವರಿದ್ದಾರೆ, ಅದರಿಂದ ಕಡಿಮೆಯಾದೀತು, ಹೋಗುವುದಿಲ್ಲ.

ಮನೆಯಲ್ಲೇ ಮಾಡಿಕೊಳ್ಳುವುದು ಹೀಗೆ. ಬೆಳ್ತಿಗೆ ಅಕ್ಕಿ 1 ಕಿಲೋ ತೊಳೆದು 4 ಗಂಟೆ ನೆನೆಹಾಕಿ. ನೀರು ಬಸಿದು ಶುದ್ಧ ಬಟ್ಟೆಯ ಮೇಲೆ ಅರ್ಧ ಗಂಟೆ ಹರಡಿ. ಮುಟ್ಟಿದರೆ ತಂಪು ಇರಬೇಕು, ಕೈಗೆ ನೀರು ಹತ್ತಬಾರದು. ಮಿಕ್ಸಿ ಜಾರಿನ ಮೂರನೇ ಒಂದು ಪಾಲು ಮಾತ್ರ ತುಂಬಿ ಪುಡಿ ಮಾಡಿ. ಹೆಚ್ಚು ತುಂಬಿದರೆ ಜಾರು ಬಿಸಿಯಾಗಿ ಹಿಟ್ಟು ಗಂಟು ಕಟ್ಟುತ್ತದೆ. ಜರಡಿ ಹಿಡಿದು, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹಬೆ ನಿಲ್ಲುವವರೆಗೆ ಹುರಿಯಿರಿ. ಬಣ್ಣ ಬದಲಾಗಬಾರದು. ಪೂರ್ತಿ ಆರಿದ ಮೇಲೆ ಡಬ್ಬಿಗೆ. ಬಿಸಿಯಿರುವಾಗಲೇ ಮುಚ್ಚಿದರೆ ಬೆವರಿ ಬೂಸ್ಲು ಬರುತ್ತದೆ.

ರಾಗಿ, ಜೋಳ ಇಡಿಯಾಗಿ ತನ್ನಿ. ಕಾಲು ಕಿಲೋದಂತೆ ಗೆರಸೆಯಲ್ಲಿ ಹರಡಿ ಗೋಧಿಕಾಳು ಇದ್ದರೆ ಹೆಕ್ಕಿ, ಎರಡು ನೀರಲ್ಲಿ ತೊಳೆದು ಒಣಗಿಸಿ. ತೆಳ್ಳವು (ನೀರುದೋಸೆ), ಕೊಟ್ಟಿಗೆ, ಪುಂಡಿ, ಸೇಮಿಗೆಗೆ ಇದಾವುದೂ ಬೇಡ, ಅಕ್ಕಿ ನೆನೆಹಾಕಿ ಮನೆಯ ಗ್ರೈಂಡರಿನಲ್ಲಿ ಕಡೆದರಾಯಿತು. ಅಂಗಡಿಯ ಸೇಮಿಗೆ ಮಾತ್ರ ಗೋಧಿಯದ್ದು. ಸಜ್ಜಿಗೆಯ ರವೆ ಗೋಧಿಯೇ ಎಂಬುದನ್ನು ಮರೆಯುವವರು ಎಷ್ಟೋ ಜನ.

ಕೇಳಿದವರು

ಇಷ್ಟು ದಿನ ಚಪಾತಿಯನ್ನೂ ದೋಸೆಯನ್ನೂ ಒಂದೇ ಕಾವಲಿಗೆಯಲ್ಲಿ ಮಾಡುತ್ತಿದ್ದೆವು. ಬೆಂಕಿಯಲ್ಲಿ ಸುಟ್ಟರೆ ಹೋಗುವುದಿಲ್ಲವೇ? ರಾತ್ರಿ ಅವಳಿಗೂ ಚಪಾತಿಯಂಥದ್ದೇ ಬೇಕಂತೆ.

ಮುಳ್ಳೇರಿಯದಿಂದ

ಹೋಗುವುದಿಲ್ಲ. ಅಡುಗೆಯ ಬಿಸಿಗೆ ಗ್ಲುಟೆನ್ ನಾಶವಾಗುವುದಿಲ್ಲ. ಬೀಡಿನ ಕಾವಲಿಗೆಯ ಎಣ್ಣೆಪದರದಲ್ಲಿ ಹಿಟ್ಟು ಕೂತಿರುತ್ತದೆ, ಅದನ್ನು ಚಪಾತಿಗೇ ಬಿಟ್ಟು ದೋಸೆಗೆ ಹೊಸದು ತನ್ನಿ. ಮರದ ಸಟ್ಟುಗ, ಲಟ್ಟಣಿಗೆ, ಮಣೆ, ಜರಡಿ, ಇಡ್ಲಿಬಟ್ಟೆ ಇವೂ ಬೇರೆಯೇ ಆಗಬೇಕು. ಸ್ಟೀಲು, ಗಾಜು ಹೊಸತು ಬೇಡ, ಸೋಪು ಹಾಕಿ ಉಜ್ಜಿ ತೊಳೆದರೆ ಸಾಕು. ತೊಳೆಯುವ ನಾರು ಮಾತ್ರ ಎರಡಿರಲಿ. ಮಿಕ್ಸಿ ಜಾರಿನ ರಬ್ಬರ್ ಬಳೆ ಬಿಚ್ಚಿ ನೋಡಿ, ಹಳೆ ಹಿಟ್ಟು ಅಲ್ಲೇ ಅಡಗಿರುತ್ತದೆ.

ಕಪಾಟಿನಲ್ಲಿ ಮಗಳ ಹಿಟ್ಟು ಮೇಲಿನ ತಟ್ಟೆಯಲ್ಲಿ, ಮೈದಾ ಗೋಧಿ ಕೆಳಗೆ. ಅವಳ ಅಡುಗೆ ಮೊದಲು ಮುಗಿಸಿ ಮುಚ್ಚಿಟ್ಟು, ಮತ್ತೆ ಚಪಾತಿಗೆ ಹಿಟ್ಟು ಕಲಸಿ. ಜರಡಿ ಹಿಡಿಯುವಾಗ ಹಾರಿದ ಧೂಳು ತೆರೆದಿಟ್ಟ ಪಲ್ಯದ ಮೇಲೆ ಕೂರುತ್ತದೆ. ಬೆಣ್ಣೆ, ಜಾಮಿನ ಭರಣಿಗೆ ಬ್ರೆಡ್ಡಿನ ಚೂರಿ ಇಳಿಸಿದರೆ ಆ ಭರಣಿ ಮಗಳಿಗಿಲ್ಲ. ಸತ್ಯ ಹೇಳಬೇಕೆಂದರೆ ಅತ್ತೆ ಮಾವನೂ ಅಕ್ಕಿರೊಟ್ಟಿಗೆ, ರಾಗಿಗೆ ಬಂದರೆ ಇಷ್ಟು ಕಟ್ಟುಪಾಡು ಬೇಕಾಗುವುದಿಲ್ಲ. ಸಕ್ಕರೆಕಾಯಿಲೆಗೆ ಚಪಾತಿಯೇ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಸುಮ್ಮನೆ ಬೇರೂರಿದೆ.

ರೊಟ್ಟಿಗೆ: 1¼ ಲೋಟ ನೀರು, ಅರ್ಧ ಚಮಚ ಉಪ್ಪು, ಒಂದು ಚಮಚ ತೆಂಗಿನೆಣ್ಣೆ ಕುದಿಸಿ. 1 ಲೋಟ ಅಕ್ಕಿಹಿಟ್ಟು ಸುರಿದು ಸಣ್ಣ ಉರಿಯಲ್ಲಿ ಒಂದು ನಿಮಿಷ ತಿರುವಿ, ಇಳಿಸಿ, 5 ನಿಮಿಷ ಮುಚ್ಚಿಡಿ. ಕೈ ಒದ್ದೆ ಮಾಡಿಕೊಂಡು ಬಿಸಿಯಿರುವಾಗಲೇ ನಾದಿ. ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡುವುದು ಗ್ಲುಟೆನ್, ಇಲ್ಲಿ ಆ ಕೆಲಸ ಮಾಡುವುದು ಬೆಂದ ಹಿಟ್ಟಿನ ಅಂಟು. ತಣ್ಣೀರಲ್ಲಿ ಕಲಸಿದರೆ ಹರಿಯುವುದು ಅದಕ್ಕೇ. ಅಂಚು ಬಿರಿದರೆ ನೀರು ಕಡಿಮೆಯಾಯಿತು ಅಥವಾ ಆರಿದ ಮೇಲೆ ನಾದಿದಿರಿ ಎಂದು ಅರ್ಥ. ಕೈಗೆ ಅಂಟಿದರೆ ನೀರು ಹೆಚ್ಚಾಯಿತು. ಬಾಳೆಲೆಯ ನಡುವೆ ಇಟ್ಟು ಒತ್ತಿದರೆ ಮೈದಾ ಉದುರಿಸುವ ಪ್ರಮೇಯವಿಲ್ಲ. ಮರುದಿನದ ಬುತ್ತಿಗೆ ಮಡಚುವಂತಿರಬೇಕಾದರೆ ಹಿಟ್ಟಿನ ಲೋಟಕ್ಕೆ ಒಂದು ಚಮಚ ಇಸಬಗೋಲು ಸೇರಿಸಿ. ಕಾಲು ಪಾಲು ರಾಗಿಹಿಟ್ಟು ಸೇರಿಸಿದರೂ ಚೆನ್ನ.

ಪೆರ್ಲದಿಂದ (ಅಡುಗೆಯವರು)

ಜೆಂಬ್ರದ ವಿಷಯ. ಹಿಂದಿನ ದಿನವೇ ಅಡುಗೆಯವರಿಗೆ ಫೋನು ಮಾಡಿ. ಬಡಿಸುವ ಹೊತ್ತಿಗೆ ಕೇಳಿದರೆ ಯಾರೂ ನಿಂತು ಉತ್ತರ ಕೊಡಲಾರರು. ಗ್ಲುಟೆನ್ ಎಂದರೆ ಅವರಿಗೆ ತಿಳಿಯದು. ಗೋಧಿ, ಮೈದಾ, ರವೆ, ಇಂಗು, ಇಷ್ಟನ್ನೇ ಹೇಳಿ. ಅನ್ನ, ಇಂಗಿಲ್ಲದ ಪಲ್ಯ, ಅವಿಲು, ಮೆಣಸ್ಕಾಯಿ, ಮಜ್ಜಿಗೆ, ಕಡಲೆಬೇಳೆ ಪಾಯಸ, ಹಯಗ್ರೀವ ತಿನ್ನಬಹುದು. ಸಾರಿಗೆ ಇಂಗು ಕುದಿಯುವಾಗಲೇ ಬೀಳುತ್ತದೆ, ಆದ್ದರಿಂದ ಒಗ್ಗರಣೆಗೆ ಮುಂಚೆ ಎತ್ತಿಟ್ಟರೂ ಪ್ರಯೋಜನವಿಲ್ಲ. ಹೋಳಿಗೆಯ ಕಣಕ ಮೈದಾ, ಮೈದಾ ಮುಟ್ಟದ ಚಮಚದಲ್ಲಿ ಹೂರಣ ಮಾತ್ರ ಮೊದಲೇ ತೆಗೆದಿರಿಸಲು ಹೇಳಿ. ಪೋಡಿಯ ಹಿಟ್ಟು ಕಡಲೆಯದ್ದಾದರೂ ಅದೇ ಎಣ್ಣೆಯಲ್ಲಿ ಪೂರಿ, ಗೋಳಿಬಜೆ ಬಿಟ್ಟಿದ್ದರೆ ಬೇಡ. ಪ್ರಸಾದದಲ್ಲಿ ಪಂಚಕಜ್ಜಾಯ ತೊಂದರೆಯಿಲ್ಲ, ಮನೆಯಲ್ಲಿ ಮಾಡಿದ ಅಪ್ಪಕ್ಕೆ ಗೋಧಿ ಹಾಕುವವರಿದ್ದಾರೆ, ಕೇಳಿ ಕೊಡಿ.

ಉಪ್ಪಳದಿಂದ

ಹೋಟೆಲಿನಲ್ಲಿ ಹಬೆಯಲ್ಲಿ ಬೆಂದದ್ದು ಸ್ವಲ್ಪ ಭರವಸೆ. ಇಡ್ಲಿಗೆ ಬರೀ ತೆಂಗಿನ ಚಟ್ನಿ, ಇಂಗಿನ ಒಗ್ಗರಣೆ ಇಲ್ಲದ್ದು. ಅಕ್ಕಿ ಪುಟ್ಟು ಆದೀತು, ಆದರೆ ಅದೇ ಕೊಳವೆಯಲ್ಲಿ ಗೋಧಿ ಪುಟ್ಟೂ ಮಾಡುತ್ತಾರೋ ಕೇಳಿ. ದೋಸೆ ಬೇಡ, ಆ ಕಲ್ಲಿನ ಮೇಲೆ ಪೊರೋಟ, ರವೆ ದೋಸೆ ಎಲ್ಲ ಆಗಿರುತ್ತದೆ. ವೆಳ್ಳೇಪ್ಪಕ್ಕೆ ಕೆಲವರು ರವೆಯ ಗಂಜಿ ಕಾಸಿ ಸೇರಿಸುತ್ತಾರೆ. ಪಳಂಪೊರಿಯ (ಬಾಳೆಹಣ್ಣಿನ ಬಜ್ಜಿಯ) ಹಿಟ್ಟು ಮೈದಾ. ಮೀನು ಹುರಿಯಲು ರವೆ ಹಚ್ಚುವವರಿದ್ದಾರೆ. ಗೋಬಿ ಮಂಚೂರಿಯಲ್ಲಿ ಮೈದಾ ಒಂದೇ ಅಲ್ಲ, ಸೋಯಾ ಸಾಸಿನಲ್ಲೂ ಗೋಧಿ. ಬಿರಿಯಾನಿಯ ಅನ್ನ ಸರಿ, ಆದರೆ ದಂ ಹಾಕಲು ಮುಚ್ಚಳದ ಸುತ್ತ ಮೈದಾ ಮೆತ್ತುತ್ತಾರೆ, ಬಿಡಿಸುವಾಗ ಚೂರು ಒಳಗೆ ಬೀಳುತ್ತದೆ. ಮದುವೆಮನೆಯ ಅಲೀಸ ಗೋಧಿಯದ್ದೇ. ಬಾಳೆಕಾಯಿ ಚಿಪ್ಸನ್ನು ಬೇಕರಿಯಲ್ಲಿ ಅಲ್ಲ, ಚಿಪ್ಸು ಮಾತ್ರ ಕರಿಯುವ ಅಂಗಡಿಯಲ್ಲಿ ಕೊಳ್ಳಿ. ರೈಲಿನಲ್ಲಿ ಹೋಗುವಾಗ ಹಲಸಿನೆಲೆಯ ಕೊಟ್ಟಿಗೆ, ಬೇಯಿಸಿದ ನೇಂದ್ರ ಹಣ್ಣು, ಅವಲಕ್ಕಿ ಕಟ್ಟಿಕೊಂಡರೆ ಯಾರನ್ನೂ ಕೇಳಬೇಕಿಲ್ಲ.

ಮಂಜೇಶ್ವರದಿಂದ (ಆಹಾರತಜ್ಞೆ)

ಶಾಲೆಯ ಮಧ್ಯಾಹ್ನದೂಟ ಅನ್ನವೇ. ಸಾಂಬಾರಿನ ಬದಲು ಮನೆಯ ಪಲ್ಯ ಕಳಿಸಿ. ಹುಟ್ಟುಹಬ್ಬದ ಕೇಕು ಬಂದ ದಿನಕ್ಕಾಗಿ ಟೀಚರ ಹತ್ತಿರ ನೆಲಗಡಲೆ ಮಿಠಾಯಿಯ ಡಬ್ಬಿ ಇರಲಿ. ಆಟದ ಮೆತ್ತನೆ ಬಣ್ಣದ ಹಿಟ್ಟಿನಲ್ಲೂ ಗೋಧಿ ಇರುತ್ತದೆ, ಆಡಿದ ಮೇಲೆ ಕೈ ತೊಳೆಯಲು ಅಭ್ಯಾಸ ಮಾಡಿಸಿ.

ಅಮೃತಂ ಪುಡಿ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿ.ಪಿ.ಸಿ.ಆರ್.ಐ.ಯಲ್ಲೇ ರೂಪುಗೊಂಡದ್ದು. ಕುಟುಂಬಶ್ರೀ ಘಟಕಗಳು ಮಾಡುತ್ತವೆ, ಒಳ್ಳೆಯ ಆಹಾರವೇ. ಆದರೆ ಅದರಲ್ಲಿ ಮುಖ್ಯವಾಗಿ ಗೋಧಿ, ಜೊತೆಗೆ ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ. ತಮ್ಮನಿಗೆ ಉಂಡೆ ಕಟ್ಟಿದ ಕೈಯಲ್ಲಿ ಅಕ್ಕನ ಬಟ್ಟಲು ಮುಟ್ಟಬೇಡಿ. ಹಾಗೆಂದು ಅವನಿಗೆ ಈಗಲೇ ಅದನ್ನು ನಿಲ್ಲಿಸಲೂ ಬೇಡಿ. ಒಡಹುಟ್ಟಿದವರಲ್ಲಿ, ತಂದೆ ತಾಯಿಯಲ್ಲಿ ಸರಿಸುಮಾರು ಹತ್ತರಲ್ಲಿ ಒಬ್ಬರಿಗೆ ಸೀಲಿಯಾಕ್ ಇರುವ ಸಾಧ್ಯತೆ ಉಂಟು, ಎಲ್ಲರೂ ಸೀಲಿಯಾಕ್ ಪತ್ತೆಹಚ್ಚುವ ಟಿ.ಟಿ.ಜಿ. ಐ.ಜಿ.ಎ. ಎಂಬ ರಕ್ತಪರೀಕ್ಷೆ, ಜೊತೆಗೆ ಒಟ್ಟು ಐ.ಜಿ.ಎ. ಮಾಡಿಸಬೇಕು. ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು.

ಮಗಳಿಗೆ ಶುರುವಿನ ಕೆಲವು ವಾರ, ತಿಂಗಳು ಹಾಲು ಜೀರ್ಣವಾಗದೆ ಹೊಟ್ಟೆ ಉಬ್ಬರಿಸಬಹುದು, ಕರುಳು ಮಾಗಿದ ಹಾಗೆ ಸರಿಹೋಗುತ್ತದೆ. ಆಗ ಮೊಸರು, ಮಜ್ಜಿಗೆ ಕೊಡಿ. ಬರೀ ಬೆಳ್ತಿಗೆಯಲ್ಲಿ ನಾರು, ಕಬ್ಬಿಣ ಎರಡೂ ಕಡಿಮೆ, ಮಲಬದ್ಧತೆ ಬರುತ್ತದೆ. ಕೆಂಪು ಕುಚ್ಚಲಕ್ಕಿ, ಹೆಸರು, ಕಡಲೆ, ಹರಿವೆ, ನುಗ್ಗೆಸೊಪ್ಪು ದಿನಾ ಇರಲಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಆರು ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿ: ಟಿ.ಟಿ.ಜಿ. ಇಳಿಯುತ್ತಾ ಬರಬೇಕು. ಇಳಿಯದಿದ್ದರೆ ಎಲ್ಲಿಂದಲೋ ಗ್ಲುಟೆನ್ ಹೋಗುತ್ತಿದೆ, ಇಂಗು ಮತ್ತು ಮಿಲ್ಲನ್ನೇ ಮೊದಲು ಹುಡುಕಿ.

ನೀರ್ಚಾಲಿನಿಂದ

ಒಂದು ಬಿಟ್ಟುಹೋಗಿತ್ತು. ಉರಿಮೂತ್ರಕ್ಕೆ ಬಾರ್ಲಿ ನೀರು ಕೊಡುವ ರೂಢಿ ನಮ್ಮಲ್ಲಿದೆ, ಅದು ಕೂಡದು, ಬದಲಿಗೆ ಎಳನೀರು. ಕೆಮ್ಮಿಗೆ ಕೊಡುವ ಅಗಸ್ತ್ಯ ರಸಾಯನದಲ್ಲಿ ಯವ ಬೀಳುತ್ತದೆ, ಯವವೆಂದರೆ ಬಾರ್ಲಿಯೇ. ಲೇಹ್ಯ, ಚೂರ್ಣ ತರುವಾಗ ವೈದ್ಯರಿಗೆ ಕಾಯಿಲೆಯ ಹೆಸರು ಹೇಳಿ, ಕಷಾಯದ ಪಟ್ಟಿಯಲ್ಲಿ ಯವ, ಗೋಧೂಮ ಇದೆಯೇ ನೋಡಿಸಿ.