ಪೀಣ್ಯದಲ್ಲಿ ಅಕೌಂಟ್ಸ್ ಇಂಟರ್‌ವ್ಯೂ ಐತೆ, ಹೆಂಗೆ ರೆಡಿ ಆಗ್ಲಿ?

ಚೌಕಿಪೇಟೆ_ಹುಡುಗಿ:
ನಮಸ್ಕಾರ ಎಲ್ರಿಗೂ. ಬಿಕಾಂ ಮುಗ್ಸಿ ದಾವಣಗೆರೆಲೇ ಒಬ್ರು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಲ್ಲಿ ಟ್ಯಾಲಿ ಎಂಟ್ರಿ ಮಾಡ್ಕೊಂಡಿದೀನಿ, ಜಾಸ್ತಿ ಚೌಕಿಪೇಟೆ ಬಟ್ಟೆ ಅಂಗಡಿಗಳ ಲೆಕ್ಕ. ಈಗ ಬೆಂಗಳೂರು ಪೀಣ್ಯದ ಒಂದು ಫ್ಯಾಕ್ಟರಿಯಿಂದ ಜೂನಿಯರ್ ಅಕೌಂಟೆಂಟ್ ಕೆಲ್ಸಕ್ಕೆ ಕರ್ದಿದಾರೆ, ಸೋಮವಾರ ಬೆಳಿಗ್ಗೆ 10ಕ್ಕೆ. ನಾನು ಓದಿದ್ದು ಕನ್ನಡ ಮೀಡಿಯಂ. ಯೂಟ್ಯೂಬ್ ನೋಡಿ ಇಂಗ್ಲಿಷಲ್ಲಿ ಒಂದು ಪುಟ ಬಾಯಿಪಾಠ ಮಾಡ್ತಿದೀನಿ, ಮಧ್ಯೆ ಒಂದು ಪದ ಮರೆತ್ರೆ ಮುಂದಕ್ಕೇ ಹೋಗಲ್ಲ. ಏನ್ ಕೇಳ್ತಾರೆ, ಸಂಬಳ ಎಷ್ಟು ಅನ್ಬೇಕು, ಗೊತ್ತಿರೋರು ದಯವಿಟ್ಟು ಹೇಳಿ.

ಹರಿಹರದ_ಲೆಕ್ಕಿಗ:
ತಂಗಿ, ಆ ಪುಟ ಬಿಟ್ಬಿಡಮ್ಮ. ನಾನು ಜೂನಿಯರ್‌ಗಳ ಇಂಟರ್‌ವ್ಯೂಗೆ ಕೂರ್ತೀನಿ, ಬಾಯಿಪಾಠ ಒಪ್ಸೋರ್ನ ಅರ್ಧಕ್ಕೇ ನಿಲ್ಸಿ ಕೆಲ್ಸದ ಪ್ರಶ್ನೆಗೆ ಬರ್ತೀವಿ. ಚೌಕಿಪೇಟೆ ಲೆಕ್ಕ ಬರ್ದಿದೀಯಲ್ಲ, ಅದೇ ನಿನ್ ಬಂಡವಾಳ. ಒಂದು ಬಿಲ್ ಹಿಡ್ಕೊಂಡು ಹೇಳು: ಸೂರತ್‌ನಿಂದ 1 ಲಕ್ಷದ ಬಟ್ಟೆ ಬಂತು, 5% ಲೆಕ್ಕಕ್ಕೆ 5,000 ಐಜಿಎಸ್‌ಟಿ (ಬೇರೆ ರಾಜ್ಯದಿಂದ ಬಂದ ಮಾಲಿನ ಜಿಎಸ್‌ಟಿ), ಅದೇ ಇಳಕಲ್‌ನಿಂದ ಬಂದಿದ್ರೆ ರಾಜ್ಯದೊಳಗೇ ಅಲ್ವಾ, ಕೇಂದ್ರದ ಪಾಲು ಸಿಜಿಎಸ್‌ಟಿ 2,500 ರಾಜ್ಯದ ಪಾಲು ಎಸ್‌ಜಿಎಸ್‌ಟಿ 2,500, ಪರ್ಚೇಸು, ಇನ್‌ಪುಟ್ ಟ್ಯಾಕ್ಸು (ಖರೀದಿಗೆ ಕೊಟ್ಟ ಜಿಎಸ್‌ಟಿ, ಆಮೇಲೆ ನಾವು ಕಟ್ಟೋದ್ರಲ್ಲಿ ಕಳ್ಕೊಳ್ಳೋದು) ಡೆಬಿಟ್, ಮಾಲು ಕೊಟ್ಟ ಪಾರ್ಟಿಗೆ 1,05,000 ಕ್ರೆಡಿಟ್. ಇಷ್ಟು ಹೇಳಿದ್ರೆ ಮುಂದಿನ ಪ್ರಶ್ನೆ "ಇನ್‌ಪುಟ್ ಯಾವಾಗ ತಗೋತೀಯ" ಅಂತಾನೇ ಬರುತ್ತೆ. ತಿಂಗಳಾ ರಿಟರ್ನ್ ಹಾಕೋ ಪಾರ್ಟಿ ಮುಂದಿನ ತಿಂಗಳ 11ರೊಳಗೆ ಜಿಎಸ್‌ಟಿಆರ್-1ರಲ್ಲಿ (ಮಾರಾಟದ ರಿಟರ್ನ್) ಆ ಬಿಲ್ ಹಾಕಿದ್ರೆ 14ಕ್ಕೆ ನಮ್ 2ಬಿಲಿ (ನಮಗೆ ಸಿಗೋ ಇನ್‌ಪುಟ್ ಪಟ್ಟಿ) ಕಾಣುತ್ತೆ, 20ರೊಳಗೆ ನಮ್ 3ಬಿ (ಟ್ಯಾಕ್ಸ್ ಕಟ್ಟೋ ರಿಟರ್ನ್) ಹಾಕ್ಬೇಕು. ಅವ್ರು ಹಾಕ್ಲಿಲ್ಲ ಅಂದ್ರೆ ಆ ತಿಂಗಳು ಇನ್‌ಪುಟ್ ಇಲ್ಲ. ಆಗ ನೀನು ಸೂರತ್‌ಗೆ ಫೋನ್ ಹಚ್ಚಿ ಬೆನ್ನು ಬಿದ್ದಿರ್ತೀಯಲ್ಲ, ಅದನ್ನ ಹೇಳು, ಅದನ್ನ ಯೂಟ್ಯೂಬ್ ನೋಡಿ ಬಂದೋರು ಹೇಳಕ್ಕಾಗಲ್ಲ.
ಟಿಡಿಎಸ್ (ದುಡ್ಡು ಕೊಡೋವಾಗ್ಲೇ ಹಿಡ್ಕೊಂಡ ಇನ್‌ಕಮ್ ಟ್ಯಾಕ್ಸ್) ಕಟ್ಟೋದು ಮುಂದಿನ ತಿಂಗಳ 7ರೊಳಗೆ, ಮಾರ್ಚ್‌ದು ಮಾತ್ರ ಏಪ್ರಿಲ್ 30. ಇ-ವೇ ಬಿಲ್ (ಮಾಲು ಸಾಗ್ಸೋಕೆ ಬೇಕಾದ ಆನ್‌ಲೈನ್ ಚೀಟಿ) ಮಾಲಿನ ಬೆಲೆ 50,000 ದಾಟಿದ್ರೆ. ಬ್ಯಾಂಕ್ ರಿಕನ್ಸಿಲಿಯೇಷನ್ (ನಮ್ ಲೆಕ್ಕಾನೂ ಬ್ಯಾಂಕ್ ಸ್ಟೇಟ್‌ಮೆಂಟೂ ತಾಳೆ ಹಾಕೋದು) ಕೈಯಲ್ಲೇ ಮಾಡಿ ನೋಡು, ಕಂಪ್ಯೂಟರ್ ಮುಂದೆ ಕೂರ್ಸಿ ಮಾಡ್ಸೋದು ಅದೇ.

ಚೌಕಿಪೇಟೆ_ಹುಡುಗಿ:
ಅಣ್ಣ, ಇದೆಲ್ಲಾ ನಾನು ದಿನಾ ಮಾಡೋದೇ! ಆದ್ರೆ ಇಂಗ್ಲಿಷಲ್ಲೇ ಕೇಳಿದ್ರೆ?

ದುರ್ಗದ_ಎಚ್‌ಆರ್:
ಹೆದರ್ಬೇಡಮ್ಮ, ನಾನೂ ಚಿತ್ರದುರ್ಗದೋಳೇ. ಯಾರು, ಎಲ್ಲಿ ಕೆಲ್ಸ, ಏನೇನ್ ಮಾಡ್ತೀನಿ, ಇಷ್ಟನ್ನ ಸಣ್ಣ ಸಣ್ಣ ವಾಕ್ಯದಲ್ಲಿ ಇಂಗ್ಲಿಷಲ್ಲಿ ಹೇಳಿ, ಆಮೇಲೆ "ಕೆಲ್ಸದ ವಿಷ್ಯ ಕನ್ನಡದಲ್ಲಿ ವಿವರಿಸ್ಲಾ ಸರ್" ಅಂತ ನೇರವಾಗಿ ಕೇಳು, ಡೆಬಿಟ್ ಕ್ರೆಡಿಟ್ ಅನ್ನೋ ಪದ ಹೆಂಗೂ ಒಂದೇ. ಸುಮಾರು ಕಡೆ ಒಪ್ತಾರೆ, ಒಪ್ಪದಿದ್ರೂ ನಿಧಾನಕ್ಕೆ ಹೇಳು. ಸಂಬಳ ನೀನಾಗೇ ಮೊದ್ಲು ಎತ್ಬೇಡ, ಅವ್ರು ಕೇಳಿದಾಗ ಪಿಜಿ ಬಾಡಿಗೆ ಊಟ ಓಡಾಟ ಎಲ್ಲಾ ಕೂಡಿಸಿ ಒಂದು ಮೊತ್ತ ಹೇಳು, ಮತ್ತೆ ಪಿಎಫ್ ಇಎಸ್‌ಐ ಕಳ್ದು ಕೈಗೆ ಎಷ್ಟು ಬರುತ್ತೆ ಅಂತ ಬಾಯ್ಬಿಟ್ಟು ಕೇಳು. ಮಾರ್ಕ್ಸ್ ಕಾರ್ಡ್ ಒರಿಜಿನಲ್ ತೋರ್ಸು, ಕೊಡೋದು ಜೆರಾಕ್ಸ್ ಮಾತ್ರ. ಕೆಲ್ಸಕ್ಕೆ ಡೆಪಾಸಿಟ್ ಕಟ್ಟು ಅಂದ್ರೆ ಎದ್ದು ಬಾ.

ಹೈವೇ_ಪಯಣಿಗ:
ಭಾನುವಾರವೇ ಹೋಗ್ಬಿಡ್ರಿ, 260 ಕಿಮೀ ರಾತ್ರಿಯೆಲ್ಲಾ ಕೂತು ಹೋಗಿ ಇಂಟರ್‌ವ್ಯೂ ಕೊಡೋದು ಬೇಡ. ಬಸ್ಸಾದ್ರೆ ಮೆಜೆಸ್ಟಿಕ್ ತನಕ ಹೋಗ್ಬೇಡಿ, ತುಮಕೂರು ರೋಡಲ್ಲಿ ಪೀಣ್ಯ ಮೊದ್ಲೇ ಸಿಗುತ್ತೆ, ಜಾಲಹಳ್ಳಿ ಕ್ರಾಸಲ್ಲಿ ಇಳೀರಿ. ಟ್ರೈನಾದ್ರೆ ಯಶವಂತಪುರದಲ್ಲಿ ಇಳ್ದು ಹಸಿರು ಲೈನ್ ಮೆಟ್ರೋ. ಪೀಣ್ಯದಲ್ಲಿ ಹಂತ, ಕ್ರಾಸು ಅಂತ ಅಡ್ರೆಸ್ ಭಾಳ ಗೋಜಲು, ಲೊಕೇಶನ್ ಇವತ್ತೇ ವಾಟ್ಸಪ್‌ಗೆ ತರಿಸ್ಕೊಳ್ರಿ.