ಇಂಜೆಕ್ಷನ್ ಆದ ಮೇಲೆ ನಾಯಿ ಕಾಲು ಎಳೆಯುತ್ತಿದೆ: ವಕೀಲರಿಗೆ ಪ್ರಶ್ನೆ

ಬೆಟಗೇರಿಯಿಂದ: ನಮಸ್ಕಾರ ವಕೀಲರೇ. ನಮ್ಮದು ಮುಧೋಳ ನಾಯಿ, 4 ವರ್ಷ. ಜ್ವರ ಅಂತ ಹುಬ್ಬಳ್ಳಿಯ ಒಂದು ಖಾಸಗಿ ಕ್ಲಿನಿಕ್‌ಗೆ ಒಯ್ದಿದ್ದೆವು. ಹಿಂದಿನ ಎಡಗಾಲಿಗೆ ಇಂಜೆಕ್ಷನ್ ಕೊಟ್ಟರು. ಸೂಜಿ ಚುಚ್ಚಿದ ಕೂಡಲೇ ಚೀರಿತು. ಮನೆಗೆ ಬರುವಷ್ಟರಲ್ಲಿ ಆ ಪಾದ ಮಡಚಿಕೊಂಡಿತ್ತು. 12 ದಿನ ಆಯ್ತು. ಬೆರಳ ಮೇಲಿನ ಚರ್ಮ ನೆಲಕ್ಕೆ ಉಜ್ಜಿ ಉಜ್ಜಿ ರಕ್ತ ಬರುತ್ತಿದೆ. ಡಾಕ್ಟರ್ ಫೋನ್ ಎತ್ತುತ್ತಿಲ್ಲ. ಕೇಸ್ ಹಾಕಬಹುದಾ?

ರಾಣೆಬೆನ್ನೂರಿನಿಂದ: ಅಕ್ಕಾ, ಹರಳೆಣ್ಣೆ ತಿಕ್ಕಿ ಉಪ್ಪಿನ ಕಾವು ಕೊಡಿ. ನೋವಿಗೆ ನಾವು ತಗೊಳ್ಳೋ ಗುಳಿಗೆಯೇ ಅರ್ಧ ಸಾಕು. ವಾಟ್ಸಾಪ್‌ನಲ್ಲಿ ಬಂದಿತ್ತು.

ವಕೀಲರು: ಗುಳಿಗೆ ಬೇಡವೇ ಬೇಡ. ನಮ್ಮ ನೋವಿನ ಗುಳಿಗೆಯಿಂದ ನಾಯಿಯ ಕಿಡ್ನಿಯೇ ಹೋಗಬಹುದು. ಕಾಲಿಗೆ ಸ್ಪರ್ಶ ಇಲ್ಲದಿದ್ದರೆ ಕಾವಿಗೆ ಸುಟ್ಟರೂ ಅದಕ್ಕೆ ಗೊತ್ತಾಗೋದಿಲ್ಲ. ನಾಳೆ ಎದುರು ವಕೀಲರು 'ನೀವು ಮನೆಯಲ್ಲಿ ಮಾಡಿದ್ದರಿಂದಲೇ ಹೀಗಾಯ್ತು' ಅಂತಾರೆ.

ಬೆಟಗೇರಿ ಅಕ್ಕಾ, ಕೇಸ್ ಹಾಕಬಹುದು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಹುಬ್ಬಳ್ಳಿ, ಧಾರವಾಡ ಅಂತ ಅಲೆಯಬೇಕಿಲ್ಲ, ನೀವಿರುವ ಗದಗ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಿ. ಗಡುವು 2 ವರ್ಷ. ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆದರೆ ಕಾಲು ಹೋಯ್ತು ಅಂದರಷ್ಟೇ ಸಾಲದು. ತೊಡೆಯ ಹಿಂದೆ ಸಯಾಟಿಕ್ ನರ ಹಾಯುತ್ತೆ. ಸೂಜಿ ಅದಕ್ಕೆ ತಾಗಿದರೆ ಪಾದ ಹೀಗೆಯೇ ಮಡಚುತ್ತೆ. ಅದನ್ನು ಇನ್ನೊಬ್ಬ ಪಶುವೈದ್ಯರು ನೋಡಿ ಬರೆದುಕೊಡಬೇಕು. ಗದಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಇವತ್ತೇ ಹೋಗಿ. ನನಗೆ ಕೇಸಿಗಿಂತ ಆ ಗಾಯದ್ದೇ ಜಾಸ್ತಿ ಚಿಂತೆ. ಪಾದಕ್ಕೆ ಪಟ್ಟಿ ಕಟ್ಟುವ ಮೊದಲು ಫೋಟೊ, ನಡೆಯುವಾಗಿನ ವಿಡಿಯೊ ತೆಗೆದಿಡಿ. ಬಿಲ್, ಔಷಧ ಚೀಟಿ ಕಳೀಬೇಡಿ. ಯಾವ ಔಷಧ ಎಷ್ಟು ಕೊಟ್ಟಿರಿ ಅಂತ ಸ್ಪೀಡ್ ಪೋಸ್ಟ್‌ನಲ್ಲಿ ಕೇಳಿ.

ಸಾಧನಕೇರಿಯಿಂದ: ಮೊದಲು ಎಫ್‌ಐಆರ್ ಹಾಕಿಸಿ. ನ್ಯಾಯ ಸಂಹಿತೆ 325ನೇ ಕಲಂ, 5 ವರ್ಷ ಜೈಲು. ಮೆಸೇಜ್ ಓಡಾಡ್ತಿದೆ.

ವಕೀಲರು: ಅದು ಬೇಕಂತಲೇ ಪ್ರಾಣಿಯನ್ನು ಕೊಲ್ಲುವವರಿಗೆ, ಊನ ಮಾಡುವವರಿಗೆ. ಕೈತಪ್ಪಿನಿಂದ ಆದದ್ದಕ್ಕೆ ನಿಲ್ಲೋದಿಲ್ಲ. ಫಾರ್ವರ್ಡ್ ನಂಬಿ ಠಾಣೆಗೆ ಓಡಬೇಡಿ.

ವಿದ್ಯಾನಗರದಿಂದ: ನಮ್ಮ ಯಜಮಾನರು ಪಶುವೈದ್ಯರು. ನಾಯಿ ಒದ್ದಾಡಿದರೆ ಸೂಜಿ ಸರಿಯುತ್ತೆ. ಬಿಗಿಯಾಗಿ ಹಿಡಿಯೋದು ಮಾಲೀಕರ ಕೆಲಸ. ಎಲ್ಲಾ ಡಾಕ್ಟರ ತಲೆಗೆ ಕಟ್ಟಬೇಡಿ.

ಸಾಧನಕೇರಿಯಿಂದ: ಫೀ ನಿಮಗೆ, ತಪ್ಪು ನಮ್ಮದಾ?

ವಿದ್ಯಾನಗರದಿಂದ: ರಾತ್ರಿ ಎರಡಕ್ಕೆ ಎಮ್ಮೆ ಈಯಿಸೋಕೆ ಓಡೋರು ಇವರೇ. ಮಾತು ನೆಟ್ಟಗಿರಲಿ.

ಬೆಟಗೇರಿಯಿಂದ: ನಾನು ಹಿಡಿದೇ ಇದ್ದೆ ರೀ. ಅದರ ತಲೆ ನನ್ನ ತೊಡೆ ಮೇಲಿತ್ತು.

ಹಾವೇರಿಯಿಂದ: ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಹೀಗಾದರೆ?

ವಕೀಲರು: ಪೂರ್ತಿ ಉಚಿತವಾಗಿದ್ದರೆ ಗ್ರಾಹಕ ಆಯೋಗಕ್ಕೆ ಬರೋದಿಲ್ಲ. ರಾಜ್ಯ ಪಶುವೈದ್ಯ ಪರಿಷತ್ತಿಗೆ ದೂರು ಕೊಡಿ. ಪರಿಹಾರದ ದುಡ್ಡು ಅಲ್ಲಿ ಸಿಗೋದಿಲ್ಲ.

ನವನಗರದಿಂದ: ನಮ್ಮ ಬೆಕ್ಕು ಆಪರೇಷನ್ ಟೇಬಲ್ ಮೇಲೆಯೇ ಸತ್ತಿತು. ಪೋಸ್ಟ್‌ಮಾರ್ಟಮ್ ಮಾಡಿಸದೆ ಹೂತುಬಿಟ್ಟೆವು. ಈಗ ದಾರಿ ಇದೆಯಾ?

ಲಕ್ಷ್ಮೇಶ್ವರದಿಂದ: ಎಷ್ಟು ದಿನದೊಳಗೆ ಕೇಸ್ ಹಾಕಬೇಕು ಸರ್?

ವಕೀಲರು: 2 ವರ್ಷ. ಮೇಲೆ ಬರೆದಿದ್ದೇನೆ.

ಶಿಗ್ಗಾವಿಯಿಂದ: ಶುಲ್ಕ ಎಷ್ಟು?

ವಕೀಲರು: ಮೇಲೆ ಓದಿ.

ರಾಣೆಬೆನ್ನೂರಿನಿಂದ: ನಮ್ಮ ನಾಯಿಗೆ ಹರಳೆಣ್ಣೆಯಿಂದಲೇ ಗುಣವಾಯ್ತು. ವಕೀಲರಿಗೆ ಔಷಧದ ವಿಷಯ ಏನು ಗೊತ್ತು?

ವಕೀಲರು: ಔಷಧ ಹೇಳೋದು ನಿಲ್ಲಿಸಿ. ಮೂರನೇ ಸಲ ಹೇಳಿಸಬೇಡಿ. ಬೆಟಗೇರಿ ಅಕ್ಕಾ, ಕಾಲೇಜಿಗೆ ಹೋದಿರಾ?

ಬೆಟಗೇರಿಯಿಂದ: ಟಂಟಂ ಬಂದಿದೆ ರೀ. ಹೊರಟೆವು.