ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಲೋ ಬೇಡವೋ? ಅನುಭವ ಇದ್ದವರು ಹೇಳ್ರಿ

ನವನಗರದ ಟೀಚರ್

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ನವನಗರದಲ್ಲಿದ್ದೇನೆ, ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ವಯಸ್ಸು 36, ಎತ್ತರ 5 ಅಡಿ 2 ಇಂಚು, ತೂಕ 112 ಕೆಜಿ. ಎರಡನೇ ಹೆರಿಗೆ ಆದಮೇಲೆ ಏರಿದ್ದು ಇಳಿಯಲೇ ಇಲ್ಲ. ಶುಗರ್ ಬಂದು ಐದು ವರ್ಷ ಆಯಿತು, ಮೂರು ಥರದ ಗುಳಿಗೆ ನುಂಗಿದರೂ ಶುಗರ್‌ನ ಮೂರು ತಿಂಗಳ ಸರಾಸರಿ (HbA1c) 9ರ ಕೆಳಗೆ ಬಂದಿಲ್ಲ. ಡಯಟ್ ಮಾಡಿಲ್ಲ ಅಂತಲ್ಲ, ಒಂದು ಸಲ ಏಳು ತಿಂಗಳು ಕಷ್ಟಪಟ್ಟು 14 ಕೆಜಿ ಇಳಿಸಿದೆ, ಮುಂದಿನ ವರ್ಷ 17 ವಾಪಸ್ ಬಂತು.

ಮೊನ್ನೆ ರಾತ್ರಿ ಮಗಳು ಅಲುಗಾಡಿಸಿ ಎಬ್ಬಿಸಿದಳು. 'ಅವ್ವಾ, ಗೊರಕೆ ಹೊಡೀತಾ ಹೊಡೀತಾ ನಿನ್ನ ಉಸಿರೇ ನಿಂತಿತ್ತು' ಅಂತ ಅಳುತ್ತಿದ್ದಳು. ಅವಳಿಗೆ ಇನ್ನೂ ಒಂಬತ್ತು ವರ್ಷ. ಅವತ್ತಿನಿಂದ ನನಗೂ ನಿದ್ದೆ ಇಲ್ಲ.

ಡಾಕ್ಟರು ಸ್ಲೀವ್ ಆಪರೇಷನ್ ಮಾಡಿಸಿಕೊಳ್ಳಿ ಅಂದಿದ್ದಾರೆ. ಅವ್ವ ಮಾತ್ರ, 'ದೇವರು ಕೊಟ್ಟ ಹೊಟ್ಟಿ ಯಾಕ ಕೊಯ್ಸ್ಕೋತಿ, ಎರಡು ರೊಟ್ಟಿ ಕಡಿಮಿ ತಿನ್ನು, ತಾನ ಇಳಿತೈತಿ' ಅನ್ನುತ್ತಾಳೆ. ನನಗೂ ಒಳಗೊಳಗೇ ಅದೇ ಚುಚ್ಚುತ್ತದೆ, ಬಾಯಿ ಕಟ್ಟಲಾಗದವಳು ಅಂತಲ್ವಾ ಇದರ ಅರ್ಥ? ಆಮೇಲೆ ಜೀವನಪೂರ್ತಿ ಊಟ ಹೇಗೆ? ಮಾಡಿಸಿಕೊಂಡವರು ಇದ್ದದ್ದು ಇದ್ದಹಾಗೆ ಹೇಳ್ರಿ.

ಟಿಳಕವಾಡಿ ಅಕ್ಕ

ತಂಗಿ, ನಾನು ಬೆಳಗಾವಿ. 2021ರಲ್ಲಿ ಸ್ಲೀವ್ ಮಾಡಿಸಿಕೊಂಡೆ, ಆಗ 118 ಇದ್ದೆ, ಈಗ 81. ನಡುವೆ 75ಕ್ಕೆ ಇಳಿದು ಮತ್ತೆ ಆರು ಕೆಜಿ ಏರಿದೆ, ಅದನ್ನೂ ಮುಚ್ಚಿಡುವುದಿಲ್ಲ.

ಆಪರೇಷನ್‌ಗೆ ಮುಂಚೆ ಎರಡು ವಾರ ಲಿವರ್ ಸಣ್ಣ ಆಗಲಿ ಅಂತ ಕಡಿಮೆ ಊಟದ ಪಥ್ಯ. ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆಯುತ್ತಾರೆ, ಬಾಳೆಹಣ್ಣಿನಂಥ ಕೊಳವೆ ಉಳಿಯುತ್ತದೆ. ಅದು ವಾಪಸ್ ಬರುವುದಿಲ್ಲ, ಇದನ್ನು ಚೆನ್ನಾಗಿ ತಿಳಿದುಕೊಂಡು ಹೂಂ ಅನ್ನು. ಅದೇ ದಿನ ಸಂಜೆ ಎಬ್ಬಿಸಿ ನಡೆಸಿದರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದಲ್ಲ, ಅದಕ್ಕೆ. ಮೊದಲ ಎರಡು ವಾರ ಬರೀ ನೀರಿನಂಥದ್ದು. ಔಷಧಿ ಬಾಟಲಿಯ ಮುಚ್ಚಳ ಇರುತ್ತದಲ್ಲ, ಅದರಲ್ಲಿ ಬೇಳೆ ಕಟ್ಟು ಹಾಕಿಕೊಂಡು ಒಂದೊಂದೇ ಗುಟುಕು. ಎರಡು ಮುಚ್ಚಳಕ್ಕೆ ಎದೆ ಭಾರ ಆಗುತ್ತಿತ್ತು. ಆಮೇಲೆ ಮಜ್ಜಿಗೆಯಲ್ಲಿ ಕಲಸಿದ ಜೋಳದ ನುಚ್ಚು, ಮೆತ್ತಗೆ ಬೇಯಿಸಿದ ಹೆಸರು ಬೇಳೆ. ರೊಟ್ಟಿ ಮುಟ್ಟಿದ್ದು ಎರಡು ತಿಂಗಳಾದ ಮೇಲೆ, ಅದೂ ಬೇಳೆಯಲ್ಲಿ ನೆನೆಸಿ ಕಾಲು ರೊಟ್ಟಿ. ಈಗ ಒಂದು ತಿನ್ನುತ್ತೇನೆ, ಇಪ್ಪತ್ತೈದು ನಿಮಿಷ ಬೇಕು. ಊಟದ ಜೊತೆ ನೀರು ಇಲ್ಲ, ಅರ್ಧ ಗಂಟೆ ಬಿಟ್ಟು.

ನಾಲ್ಕನೇ ತಿಂಗಳು ತಲೆ ಬಾಚಿದರೆ ಹಣಿಗೆ ತುಂಬ ಕೂದಲು. ಅತ್ತುಬಿಟ್ಟೆ. ಆಮೇಲೆ ಬಂತು. ಹುಳಿತೇಗು ಮಾತ್ರ ಇವತ್ತಿಗೂ ಇದೆ, ಗುಳಿಗೆ ತಪ್ಪಿಸಿದರೆ ರಾತ್ರಿ ಮಲಗಲಾಗುವುದಿಲ್ಲ. ಮದುವೆ ಮನೆಯಲ್ಲಿ 'ಇಷ್ಟ ಉಣ್ತೀರೇನ್ರೀ' ಅಂತ ಒತ್ತಾಯ ಮಾಡುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗುತ್ತದೆ.

ಆದರೂ ಶುಗರ್ ಗುಳಿಗೆ ಮೂರಿಂದ ಒಂದಕ್ಕೆ ಬಂತು. ನಮ್ಮ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ದಿನಾ ನಾಲ್ಕು ಸುತ್ತು ನಡೆಯುತ್ತೇನೆ, ಮೊದಲು ಗೇಟಿನಿಂದ ಒಳಗೆ ಹೋಗುವಷ್ಟರಲ್ಲೇ ಮೊಣಕಾಲು ಹಿಡಿಯುತ್ತಿತ್ತು. ಮತ್ತೆ ಕೇಳಿದರೂ ಮಾಡಿಸಿಕೊಳ್ಳುತ್ತೇನೆ ಅಂತಲೇ ಹೇಳುತ್ತೇನೆ.

ವಿಜಯಪುರ ರೋಡ್

ನಾನು ಆಪರೇಷನ್ ಬೇಡ ಅಂದವನು, ಆದರೆ ನನ್ನ ಕಥೆ ಬೇರೆ. ನನ್ನ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ) 32, ಶುಗರ್ ಈಗಷ್ಟೇ ಶುರು. ವಾರಕ್ಕೊಂದು ಚುಚ್ಚಿಕೊಳ್ಳುವ ಇಂಜೆಕ್ಷನ್ ತೆಗೆದುಕೊಂಡೆ, 13 ಕೆಜಿ ಇಳಿಯಿತು. ಖರ್ಚು ತಡೆಯಲಾಗದೆ ನಿಲ್ಲಿಸಿದೆ, ಹಸಿವು ಮೊದಲಿನ ಹಾಗೇ ಬಂತು, ತೂಕವೂ ಬರುತ್ತಿದೆ. ಅದನ್ನೂ ಒಮ್ಮೆ ಕೇಳಿನೋಡಿ ಮೇಡಂ, ಆದರೆ ಎಷ್ಟು ವರ್ಷ ತೆಗೆದುಕೊಳ್ಳಬೇಕು ಅಂತ ಮೊದಲೇ ಕೇಳಿ.

ಡಯಟಿಷಿಯನ್, ಬಾಗಲಕೋಟೆ

ಮೇಡಂ, ನಿಮ್ಮ ಲೆಕ್ಕಕ್ಕೆ ಬಿಎಂಐ 45 ಆಗುತ್ತದೆ. 2022ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಆಪರೇಷನ್ ಸೂಚಿಸಬಹುದು. ನಿಮಗೆ ಶುಗರ್ ಬೇರೆ ಇದೆ. ಬಾಯಿ ಕಟ್ಟಲಾಗದವಳು ಅನ್ನುವ ಮಾತು ಬಿಟ್ಟುಬಿಡಿ. ತೂಕ ಇಳಿದಾಗ ದೇಹವೇ ಹಸಿವು ಜಾಸ್ತಿ ಮಾಡುತ್ತದೆ, ನಿಮ್ಮ 14 ಕೆಜಿ ವಾಪಸ್ ಬಂದದ್ದು ಹಾಗೆ. ಹಸಿವು ಎಬ್ಬಿಸುವ ಗ್ರೆಲಿನ್ ಹಾರ್ಮೋನ್ ಹೆಚ್ಚಾಗಿ ಹುಟ್ಟುವುದು ಹೊಟ್ಟೆಯ ಮೇಲಿನ ಭಾಗದಲ್ಲಿ, ಸ್ಲೀವ್‌ನಲ್ಲಿ ತೆಗೆಯುವುದು ಆ ಭಾಗವನ್ನೇ.

ದಿನಾಂಕ ಗೊತ್ತು ಮಾಡುವ ಮುಂಚೆ ನಿದ್ದೆಯ ಪರೀಕ್ಷೆ ಮಾಡಿಸಿ, ಇದು ಮೊದಲ ಕೆಲಸ. ಉಸಿರು ನಿಲ್ಲುವುದು ಗೊತ್ತಾಗದೆ ಅನಸ್ತೇಶಿಯಾ ಕೊಡುವುದು ಅಪಾಯ. ಎಂಡೋಸ್ಕೋಪಿಯೂ ಆಗಲಿ. ಈಗಲೇ ಎದೆ ಉರಿ ಜಾಸ್ತಿ ಇದ್ದರೆ ಸ್ಲೀವ್‌ನಿಂದ ಅದು ಹೆಚ್ಚಾಗಬಹುದು, ಆಗ ಹೊಟ್ಟೆಯನ್ನು ಸಣ್ಣ ಚೀಲ ಮಾಡಿ ಕರುಳಿಗೆ ಜೋಡಿಸುವ ಗ್ಯಾಸ್ಟ್ರಿಕ್ ಬೈಪಾಸ್ ಒಳ್ಳೆಯದಾ ಅಂತ ಕೇಳಿ. ಹೊಲಿಗೆ ಹಾಕಿದ ಕಡೆ ಸೋರುವುದು ಅಪರೂಪ, ಆದರೆ ಸೋರಿದರೆ ದೊಡ್ಡ ತೊಂದರೆ. ಹಾಗಾಗಿ ಆಪರೇಷನ್ ಮಾಡುವವರು ಇಂಥವು ಎಷ್ಟು ಮಾಡಿದ್ದಾರೆ, ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು ಅಂತ ಸಂಕೋಚ ಇಲ್ಲದೆ ಕೇಳಿ.

ಆಮೇಲೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ರೊಟ್ಟಿ, ಶೇಂಗಾ ಹಿಂಡಿಯಲ್ಲಿ ಅಷ್ಟು ಬರುವುದಿಲ್ಲ, ಮೊಟ್ಟೆ, ಪನ್ನೀರ್, ಬೇಳೆ, ಪೌಡರ್ ಬೇಕೇ ಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವನಪೂರ್ತಿ. ನಾನು ನೋಡಿದವರಲ್ಲಿ ಸೋತವರು ಹೆಚ್ಚಾಗಿ ಎರಡನೇ ವರ್ಷ ಗುಳಿಗೆ, ರಕ್ತ ಪರೀಕ್ಷೆ ಬಿಟ್ಟವರು. ಇನ್ನೊಂದು ಮಗು ಬೇಕು ಅಂತಿದ್ದರೆ ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಒಂದೂವರೆ ವರ್ಷ ಬಿಡಬೇಕು.

ಇನ್ಶೂರೆನ್ಸ್ ಇದ್ದರೆ ಬಿಎಂಐ 40 ಮೇಲಿದ್ದವರಿಗೆ ಐಆರ್‌ಡಿಎಐ (ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ) ನಿಯಮದಲ್ಲಿ ದಾರಿ ಇದೆ, ನಿಮ್ಮ ಪಾಲಿಸಿಯ ಕಾಯುವ ಅವಧಿ ನೋಡಿಕೊಳ್ಳಿ.

ನವನಗರದ ಟೀಚರ್

ಅಕ್ಕಾ, ಹುಳಿತೇಗಿನ ವಿಷಯ ಹೇಳಿದ್ದು ಒಳ್ಳೆಯದಾಯಿತು, ನನಗೂ ಇದೆ, ಡಾಕ್ಟರಿಗೆ ಹೇಳಿರಲೇ ಇಲ್ಲ. ಮೊದಲು ನಿದ್ದೆಯ ಪರೀಕ್ಷೆ ಮಾಡಿಸುತ್ತೇನೆ, ಅವ್ವನನ್ನೂ ಕರೆದುಕೊಂಡು ಹೋಗುತ್ತೇನೆ. ಶಾಲೆಗೆ ಎಷ್ಟು ದಿನ ರಜೆ ಬೇಕಾಗುತ್ತದೆ? ಬೇಸಿಗೆ ರಜೆಯಲ್ಲೇ ಮುಗಿಸೋಣ ಅಂತಿದ್ದೆ.

ಟಿಳಕವಾಡಿ ಅಕ್ಕ

ನಾನು ಮೂರು ವಾರ ಹಾಕಿದ್ದೆ. ಬೇಸಿಗೆ ಬೇಡ ತಂಗಿ. ನಿಮ್ಮ ಊರಿನ ಮೇ ತಿಂಗಳ ಬಿಸಿಲಲ್ಲಿ ಮುಚ್ಚಳದಲ್ಲಿ ನೀರು ಕುಡಿದರೆ ಸಾಲುವುದಿಲ್ಲ, ಸುಮ್ನೆ ಡ್ರಿಪ್ ಹಾಕಿಸಿಕೊಳ್ಳಲು ಓಡಾಡಬೇಕಾಗುತ್ತದೆ. ದಸರಾ ರಜೆಗೆ ಇಟ್ಟುಕೋ.